ಲೊಚಗುಟ್ಟದ ಹಲ್ಲಿ

ವಿಶ್ವವಿದ್ಯಾಲಯದ ಹಳೆಯ ಗ್ರಂಥಾಲಯದಲ್ಲಿ, ಯಾರಾದರೂ ನಿಜ ನುಡಿದರೆ ಲೊಚಗುಟ್ಟುವ ಹಲ್ಲಿಯೊಂದಿತ್ತು.

"ನಾನು ಈ ಹಲಗೆ ಚಾವಣಿಗೇ ಮುಗಿಯುವುದಿಲ್ಲ," ಎಂದಿತು ಕಾಂಕ್ರೀಟ್ ಕಂಬ. "ಇದು ಆಮೇಲೆ ಹೊಡೆದದ್ದು. ಇದರ ಮೇಲೆ ನನ್ನ ತಲೆಯಿದೆ, ಅಲ್ಲಿ ಬಿಸಿಲಿದೆ."

"ನಾನು ಹುಟ್ಟಿದ್ದೇ ಈ ಚಾವಣಿಯಲ್ಲಿ. ನನಗೇ ಹೇಳಿಕೊಡುತ್ತೀಯಾ?" ಎಂದ ಹಲ್ಲಿ ಲೊಚಗುಟ್ಟಲಿಲ್ಲ.

ನವೀಕರಣಕ್ಕೆ ಬಂದ ಎಂಜಿನಿಯರ್ ಶಾಲ್ಮಲಾ, "ಕತ್ತಲ ಕೊಂಪೆ! ಈ ಕಾಲದ ಮಕ್ಕಳು ಇಲ್ಲಿ ಕೂತು ಓದುತ್ತಾರಾ? ಕೆಡವುವುದೇ ವಾಸಿ," ಎಂದರು. ಹಲ್ಲಿ ತಟ್ಟನೆ ಲೊಚಗುಟ್ಟಿತು.

ಕೆಲಸದವರು ಹಲಗೆಗಳನ್ನು ಕಿತ್ತರು. ಕಂಬ ಮೇಲೇರಿ ಕೊಡೆಯಂತೆ ಅರಳಿತ್ತು. ಅದರ ಸುತ್ತಲಿನ ದುಂಡು ಗಾಜುಗಳಿಂದ ಬಿಸಿಲು ಓದುವ ಮೇಜುಗಳ ಮೇಲೆ ಸುರಿಯಿತು. ಸುತ್ತಿಗೆಗಳು ನಿಂತವು.

"ಇದನ್ನು ಯಾರೂ ಮುಟ್ಟಬೇಡಿ," ಎಂದರು ಶಾಲ್ಮಲಾ, ಎತ್ತಿದ ತಲೆ ಇಳಿಸದೆ. "ಬೆಳಕು ಇಲ್ಲೇ ಇತ್ತು."

ಹಲ್ಲಿಯ ಬಾಯಿ ತೆರೆದೇ ಇತ್ತು. ಲೊಚಗುಟ್ಟುವುದು ಅದಕ್ಕೆ ಮರೆತೇ ಹೋಗಿತ್ತು.