ಇನ್ನೊಂದು ಸುತ್ತು

“ಬುದ್ಧಿ, ಎಷ್ಟು ಜಪ ಮಾಡಿದ್ರೂ ಮನಸ್ಸು ನಿಲ್ತಿಲ್ಲ. ಯಾಕೆ?”

ಕೇಳಿದವನು ಪಂಚಾಕ್ಷರಿ, ಮಠದಲ್ಲಿ ಗುರುಗಳ ಜೊತೆಗೇ ಇದ್ದ ಶಿಷ್ಯ. ಕೇಳುವಾಗಲೂ ಅವನ ಬೆರಳು ಸುಮ್ಮನಿರಲಿಲ್ಲ. ರುದ್ರಾಕ್ಷಿ ಮಣಿಗಳು ಟಕ್ ಟಕ್ ಅಂತ ಒಂದರ ಹಿಂದೆ ಒಂದು ಉರುಳುತ್ತಿದ್ದವು. ಮೊದಲು ಬೆಳಗ್ಗೆ ಮಾತ್ರ ಜಪ ಮಾಡುತ್ತಿದ್ದ. ಮನಸ್ಸು ಹಾರಾಡಿತು ಅಂತ ಸಂಜೆಗೂ ಒಂದು ಸುತ್ತು ಸೇರಿಸಿದ. ಮತ್ತೂ ಹಾರಾಡಿತು, ಮಧ್ಯಾಹ್ನಕ್ಕೂ ಇನ್ನೊಂದು ಸುತ್ತು ಸೇರಿಸಿದ. ಈಗ ಊಟದ ನಡುವೆ ಮಾಲೆ ಹುಡುಕುತ್ತಾನೆ. ಯಾರಾದರೂ ಮಾತಾಡಿಸಿದರೆ ಸಿಡುಕುತ್ತಾನೆ. ಮಲಗಿದರೆ, ಸುತ್ತು ಎಲ್ಲೋ ತಪ್ಪಿತೇನೋ ಅಂತ ಎದ್ದು ಕೂರುತ್ತಾನೆ.

ಗುರುಗಳು ಮಣಿಗಳ ಸದ್ದನ್ನ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನದೊಂದು ಹಳೇ ಕಾರು. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಮಣೆ, ಮಣೆಯ ಮೇಲೆ ಹಿತ್ತಾಳೆ ಗಣಪತಿ. ಮಣೆಯನ್ನ ಅಂಟು ಹಾಕಿ ಕೂರಿಸಿದ್ದ. ಬಿಸಿಲಿಗೆ ಅಂಟು ಕರಗಿ, ಕಾರು ಮುಂದಕ್ಕೆ ಜಿಗಿದಾಗಲೆಲ್ಲ ಗಣಪತಿ ಮಣೆ ಸಮೇತ ವ್ಯಾಪಾರಿಯ ಮಡಿಲಿಗೆ ಬಂದು ಬೀಳುತ್ತಿದ್ದ. ದೇವರು ತಾನಾಗಿ ಎದ್ದು ಬರೋದು ಶುಭವೋ ಅಶುಭವೋ ವ್ಯಾಪಾರಿಗೆ ತಿಳಿಯಲಿಲ್ಲ. ಅನುಮಾನವೇ ಬೇಡ ಅಂತ ಆಯುಧಪೂಜೆಯ ದಿನ ಮಣೆಯ ಅಂಚಿಗೆ ತೂತು ಕೊರೆದು, ಉದ್ದನೆಯ ಸ್ಕ್ರೂ ಒಂದನ್ನ ಡ್ಯಾಶ್‌ಬೋರ್ಡಿಗೆ ಇಳಿಸಿದ. ಸ್ಕ್ರೂ ಕೊಂಚ ಉದ್ದವೇ ಆಯಿತು, ತಲೆ ಮೇಲೇ ನಿಂತಿತು. ಮುಂದೆ ಸಡಿಲಾದರೆ ಬಿಗಿಸೋಕೆ ಜಾಗ ಇದ್ದ ಹಾಗಾಯಿತು ಅಂದುಕೊಂಡ. ಒಳಗೆ ಅದರ ಮೊನೆ ಎಲ್ಲಿಗೆ ಹೋಯಿತು ಅಂತ ನೋಡಲಿಲ್ಲ.

ಮಾರನೇ ವಾರ ತಂಗಿಯ ಮಗಳ ಮದುವೆ. ಹುಡುಗಿಯ ಕೈ ಹಿಡಿದು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ, ಆ ಹುಡುಗಿಗೆ ಸೋದರಮಾವ ಅಂತ ಇದ್ದವನು ಇವನೊಬ್ಬನೇ. ಅವಳು ಚಿಕ್ಕವಳಾಗಿದ್ದಾಗಿನಿಂದ ಹೇಳುತ್ತಿದ್ದಳು, ಮದುವೆ ದಿನ ನನ್ನ ಕೈ ಬಿಡಬೇಡ ಮಾವ, ಸೀರೆ ಕಾಲಿಗೆ ಸಿಕ್ಕಿ ಎಡವಿ ಬೀಳ್ತೀನಿ ಅಂತ. ಬಿಡಲ್ಲ ಅಂತ ಇವನೂ ಮಾತು ಕೊಟ್ಟಿದ್ದ.

ಬೆಳಗ್ಗೆ ಗಂಡ ಹೆಂಡತಿ ಉಡುಗೊರೆಯ ಕೊಳಗ ಹಿಂದಿನ ಸೀಟಿನಲ್ಲಿಟ್ಟುಕೊಂಡು ಹೊರಟರು. ಊರು ದಾಟಿ ರಸ್ತೆಯ ಮೊದಲ ಹಂಪು ಹಾರಿದ್ದೇ, ಕಾರು ಸತ್ತಿತು. ದೀಪ ಇಲ್ಲ, ಹಾರ್ನ್ ಇಲ್ಲ, ಕೀ ತಿರುಗಿಸಿದರೆ ಟಿಕ್ ಅಂತಲೂ ಅನ್ನಲಿಲ್ಲ. ವ್ಯಾಪಾರಿ ಬಾನೆಟ್ ಎತ್ತಿ ಬ್ಯಾಟರಿಯ ವೈರು ಅಲ್ಲಾಡಿಸಿದ. ಗಟ್ಟಿಯಾಗೇ ಇತ್ತು. ಫ್ಯೂಸಿನ ಡಬ್ಬಿ ತೆಗೆದ. ಒಂದು ಫ್ಯೂಸ್ ಸುಟ್ಟು ಕರಕಲಾಗಿತ್ತು. ಮುಚ್ಚಳದಲ್ಲಿ ಅಂಥದ್ದೇ ಇನ್ನೊಂದಿತ್ತು, ಹಾಕಿದ. ಕಾರಿಗೆ ಜೀವ ಬಂತು. ಗಣಪತಿಗೆ ಕೈ ಮುಗಿದ. ಮಣೆ ಸ್ವಲ್ಪ ಅಲುಗಾಡಿತು. ಪಾಪ, ಹಂಪಿನಲ್ಲಿ ದೇವರಿಗೂ ತೊಂದರೆಯಾಗಿದೆ ಅಂತ ಸ್ಕ್ರೂವನ್ನ ಒಂದು ಸುತ್ತು ಬಿಗಿಸಿದ.

ಮುಂದಿನ ಹಂಪಿಗೆ ಮತ್ತೆ ಸತ್ತಿತು. ಈ ಸಲ ಏಸಿಯ ಫ್ಯೂಸ್ ಕಿತ್ತು ಅಲ್ಲಿಗೆ ಹಾಕಿದ, ಕೈ ಮುಗಿದ, ಸ್ಕ್ರೂಗೆ ಇನ್ನೊಂದು ಸುತ್ತು ಕೊಟ್ಟ. ಆಮೇಲೆ ಹಂಪೇ ಬೇಕಾಗಲಿಲ್ಲ, ಸಣ್ಣ ಗುಂಡಿ ಸಾಕಾಯಿತು. ವೈಪರಿನ ಫ್ಯೂಸ್ ಕಿತ್ತು ಹಾಕಿದ, ಅದೂ ಸುಟ್ಟಿತು. ಹಾರ್ನಿನದೂ ಅದೇ ಜಾಗಕ್ಕೆ ಬಂತು. ದಾರಿಗೆ ಎಮ್ಮೆ ಅಡ್ಡ ಬಂದಾಗ ವ್ಯಾಪಾರಿ ಕಿಟಕಿಯಿಂದ ತಲೆ ಹೊರಗೆ ಹಾಕಿ ತಾನೇ ಪೋಂ ಪೋಂ ಅಂದ. ಎಮ್ಮೆ ನಿಂತು ಅವನನ್ನೇ ನೋಡಿತು. ನಡುನಡುವೆ ತಂಗಿಯ ಫೋನು. ಇಲ್ಲೇ ಊರ ಬಾಗಿಲಲ್ಲಿದ್ದೀನಿ ಅಂತ ಪ್ರತಿ ಸಲವೂ ಹೇಳಿದ. ಹೇಳುವಾಗ ಅವನ ಕೈ ಸ್ಕ್ರೂ ಡ್ರೈವರಿನ ಮೇಲಿತ್ತು.

ಹಾರ್ನಿನ ಫ್ಯೂಸೂ ಸುಟ್ಟಾಗ ಹೆಂಡತಿ ಬಾಯಿಬಿಟ್ಟಳು. “ರೀ, ಪೂಜೆಗೆ ಮುಂಚೆ ಈ ಕಾಟ ಇರಲಿಲ್ಲ. ಆ ಸ್ಕ್ರೂ ಒಂದ್ಸಲ ಬಿಚ್ಚಿ ನೋಡಬಾರದಾ?”

“ಶುಭಕಾರ್ಯಕ್ಕೆ ಹೊರಟಾಗ ಗಣಪತೀನ ಇಳಿಸ್ತಾರೇನೇ? ಅವನು ಇರೋದಕ್ಕೇ ಇಷ್ಟು ದೂರ ಬಂದಿದೀವಿ.”

ಅಂದವನೇ ಸ್ಕ್ರೂಗೆ ಮತ್ತೊಂದು ಸುತ್ತು ಕೊಟ್ಟ. ಫ್ಯೂಸ್ ಸುಡೋದೇ ತೊಂದರೆಯಾದರೆ ಸುಡದೇ ಇರೋದನ್ನ ಹಾಕಬೇಕು ಅಂತ ಅವನಿಗೆ ಹೊಳೆಯಿತು. ತಾಮ್ರದ ತಂತಿ ಸುತ್ತಿ ಫ್ಯೂಸಿನ ಜಾಗಕ್ಕೆ ತುರುಕಿದ. ಕೀ ತಿರುಗಿಸಿದ. ಫ್ಯೂಸ್ ಸುಡಲಿಲ್ಲ. ಗಣಪತಿಯ ಪಾದದ ಕೆಳಗಿಂದ ಸಣ್ಣಗೆ ಹೊಗೆ ಎದ್ದಿತು. ಊದುಬತ್ತಿ ಯಾವಾಗ ಹಚ್ಚಿದೆ ಅಂತ ವ್ಯಾಪಾರಿ ಒಂದು ಕ್ಷಣ ಯೋಚಿಸಿದ.

ವಾಸನೆ ಊದುಬತ್ತಿಯದಲ್ಲ ಅಂತ ಗೊತ್ತಾದ ಮೇಲೆ ಓಡಿಹೋಗಿ ಬ್ಯಾಟರಿಯ ವೈರು ಕಿತ್ತ. ವಾಪಸ್ ಬರುವಷ್ಟರಲ್ಲಿ ಹೆಂಡತಿ ಯಾರನ್ನೂ ಕೇಳದೆ ಸ್ಕ್ರೂ ಬಿಚ್ಚಿ, ಗಣಪತಿಯನ್ನ ಮಣೆ ಸಮೇತ ಮಡಿಲಲ್ಲಿ ಕೂರಿಸಿಕೊಂಡಿದ್ದಳು. ಸ್ಕ್ರೂವಿನ ಮೊನೆ ಕಪ್ಪಾಗಿತ್ತು, ಅದಕ್ಕೆ ಎರಡು ಬಣ್ಣದ ವೈರಿನ ಸಿಪ್ಪೆ ಅಂಟಿತ್ತು. ಇವನು ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ವೈರಿನ ಕಟ್ಟು ಎಳೆದ. ಬಿಗಿಸಿದಷ್ಟೂ ಸ್ಕ್ರೂ ಆ ಕಟ್ಟಿನೊಳಗೇ ಇಳಿದಿತ್ತು. ಗಂಡ ಹೆಂಡತಿ ಸೇರಿ ಕೊಳಗದ ಪೊಟ್ಟಣದ ಟೇಪು ಬಿಡಿಸಿ ಸುಲಿದ ವೈರುಗಳಿಗೆ ಬೇರೆ ಬೇರೆಯಾಗಿ ಸುತ್ತಿದರು. ತಾಮ್ರದ ತಂತಿ ತೆಗೆದು ಎಸೆದರು. ರೇಡಿಯೋದ ಫ್ಯೂಸ್ ಒಂದು ಉಳಿದಿತ್ತು. ಹಾಡು ಕೇಳಬೇಕು ಅಂತ ವ್ಯಾಪಾರಿ ಅಲ್ಲಿವರೆಗೆ ಅದನ್ನ ಮುಟ್ಟಿರಲಿಲ್ಲ. ಅದನ್ನೇ ಹಾಕಿ, ಬ್ಯಾಟರಿಯ ವೈರು ಮತ್ತೆ ಸಿಕ್ಕಿಸಿದರು.

ಕಾರು ಹೊರಟಿತು. ಹಂಪು ಹಾರಿತು, ಗುಂಡಿ ಇಳಿಯಿತು, ನಿಲ್ಲಲೇ ಇಲ್ಲ. ಆದರೂ ಹಂಪು ಬಂದಾಗಲೆಲ್ಲ ವ್ಯಾಪಾರಿಯ ಕೈ ತಾನಾಗಿ ಡ್ಯಾಶ್‌ಬೋರ್ಡಿನ ಕಡೆ ಹೋಗುತ್ತಿತ್ತು. ಅಲ್ಲಿ ಒಂದು ತೂತಿತ್ತು.

ಅವರು ಮಂಟಪದ ಮುಂದೆ ಇಳಿದಾಗ ಅಕ್ಷತೆ ಬಿದ್ದಾಗಿತ್ತು. ಮುಹೂರ್ತ ಮೀರುತ್ತೆ ಅಂತ ಹುಡುಗಿಯ ದೊಡ್ಡಪ್ಪನ ಮಗ ಕೈ ಹಿಡಿದು ಕರೆತಂದಿದ್ದ. ತಂಗಿ ಬೈಯಲಿಲ್ಲ, ಊಟಕ್ಕೆ ಕೂತ್ಕೋ ಅಂದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಕೊಳಗ ಕೊಡೋಕೆ ಹೋದಾಗ ಹುಡುಗಿ ಬಗ್ಗಿ ಅವನ ಕಾಲು ಮುಟ್ಟಿ ಎದ್ದಳು. ಟೇಪು ಕಿತ್ತ ಪೊಟ್ಟಣವನ್ನ ನೋಡಿದಳು, ಮಸಿ ಹಿಡಿದ ಅವನ ಕೈ ನೋಡಿದಳು.

“ಎಡವಲಿಲ್ಲ ಮಾವ,” ಅಂದಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಪಂಚಾಕ್ಷರಿಗೆ ಸಮಾಧಾನವಾಗಲಿಲ್ಲ. ಮಣಿಗಳು ಮೊದಲಿಗಿಂತ ಜೋರಾಗಿ ಉರುಳುತ್ತಿದ್ದವು. ಹಾಗಾದರೆ ಗಣಪತಿಯನ್ನ ಕಾರಿನಲ್ಲಿ ಇಟ್ಟದ್ದೇ ತಪ್ಪಾ ಬುದ್ಧಿ ಅಂತ ಕೇಳಿದ.

ಗಣಪತಿಗೇನಾಗಿತ್ತು, ಆ ತಾಯಿಯ ಮಡಿಲಲ್ಲಿ ಆರಾಮಾಗಿ ಕೂತು ಮದುವೆಗೆ ಬಂದ ಅಂದರು ಗುರುಗಳು. ಆಮೇಲೆ ಶಿಷ್ಯನ ಕೈಯಲ್ಲಿದ್ದ ಮಾಲೆಯ ಕಡೆ ನೋಡಿದರು.

“ನೀನು ಇವತ್ತು ಎಷ್ಟು ಸುತ್ತು ಬಿಗಿಸಿದೆ, ಪಂಚಾಕ್ಷರಿ?”

ಮಣಿಗಳ ಸದ್ದು ನಿಂತಿತು.