ಕೆಂಪು ದಾರದ ಕಟ್ಟು

“ಗುರುಗಳೇ, ತಪ್ಪು ಯಾರದು ನೀವೇ ಹೇಳಿ,” ಎಂದು ಅಮರಯ್ಯ ಕೇಳಿದ. ಅವನು ಕಾಲೇಜಿನ ಗ್ರಂಥಪಾಲ. “ವರ್ಷದ ಆರಂಭದಲ್ಲೇ ಹುಡುಗರನ್ನು ಕರೆದು ಪುಸ್ತಕ ಹುಡುಕುವ ಕ್ರಮ ಹೇಳಿಕೊಡುತ್ತೇನೆ. ಪ್ರಬಂಧ ಬರೆಯುವ ಹೊತ್ತಿಗೆ ಒಬ್ಬನಿಗೂ ನೆನಪಿರುವುದಿಲ್ಲ. ಕೈಗೆ ಸಿಕ್ಕ ಮೊದಲ ಪುಸ್ತಕ ನೋಡಿ ಗೀಚಿಕೊಂಡು ಹೋಗುತ್ತಾರೆ. ಪಾಠ ಮಾಡುವ ಮೇಷ್ಟ್ರುಗಳೋ, ಗ್ರಂಥಾಲಯದ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ನಾನೊಬ್ಬನೇ ಗಂಟಲು ಹರಿದುಕೊಂಡರೆ ಏನು ಬಂತು?”

“ಕೋಪ ನೆತ್ತಿಗೇರಿದೆ. ಮೊದಲು ಕೂತುಕೋ,” ಎಂದು ಗುರು ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ಅವನ ಮನೆಯ ಎದುರಿಗೇ ವೈದ್ಯಗ್ರಂಥಗಳ ಭಂಡಾರ. ಎಲ್ಲವೂ ಓಲೆಗರಿಯ ಕಟ್ಟುಗಳು. ಅವನ್ನು ಕಾಯುತ್ತಿದ್ದವನು ಒಬ್ಬ ಭಂಡಾರಿ. ಶಿಷ್ಯರು ಸೇರಿದ ಹೊಸತರಲ್ಲಿ ಭಂಡಾರಿ ಅವರನ್ನು ಸಾಲಾಗಿ ನಿಲ್ಲಿಸಿ ಹೇಳುತ್ತಿದ್ದ: ಕೆಂಪು ದಾರದ ಕಟ್ಟಿನಲ್ಲಿ ಔಷಧ ಮಾತ್ರ ಇದೆ, ಅದನ್ನು ಯಾರಿಗೆ ಕೊಡಬಾರದು ಎಂಬುದು ಹಿಂದಿನ ಗೂಡಿನ ಕಟ್ಟಿನಲ್ಲಿದೆ, ಎರಡನ್ನೂ ನೋಡದೆ ಕೊಡಬೇಡಿ. ಶಿಷ್ಯರು ಆಕಳಿಸುತ್ತ ತಲೆಯಾಡಿಸುತ್ತಿದ್ದರು. ವೈದ್ಯನಂತೂ ಪಾಠದ ಕೊನೆಗೆ ‘ಉಳಿದದ್ದು ಗ್ರಂಥದಲ್ಲಿದೆ, ನೋಡಿಕೊಳ್ಳಿ’ ಎಂದು ಕೈ ತೊಳೆದುಕೊಳ್ಳುತ್ತಿದ್ದ. ಎದುರುಬದುರು ಬಾಗಿಲು, ಆದರೂ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿದವರಲ್ಲ. ಅದೆಂಥ ಬಿಗುಮಾನವೋ!

ಒಮ್ಮೆ ವೈದ್ಯ ಬೇರೆ ಊರಿಗೆ ಹೋಗಿದ್ದಾಗ, ಒಬ್ಬ ಕುಂಬಾರ ಜ್ವರದಿಂದ ಸುಡುತ್ತಿದ್ದ ತನ್ನ ಬಸುರಿ ಹೆಂಡತಿಯನ್ನು ಗಾಡಿಯಲ್ಲಿ ಕರೆತಂದ. ಹಿರಿಯ ಶಿಷ್ಯ ಭಂಡಾರಕ್ಕೆ ಓಡಿದ. ಜ್ವರದ ಕಟ್ಟು ಬಾಗಿಲ ಬಳಿಯೇ ಸಿಕ್ಕಿತು. ಕೆಂಪು ದಾರ ಬಿಚ್ಚಿದ, ಓದಿದ, ಹಿಂದಿನ ಗೂಡಿನ ಕಡೆ ನೋಡದೆ ರೋಗಿಯ ಬಳಿಗೆ ಓಡಿದ. ಓಲೆಗಳಿಗೆ ಎಣ್ಣೆ ಸವರುತ್ತ ಕೂತಿದ್ದ ಭಂಡಾರಿ ಅದನ್ನು ನೋಡಿದ. ಸದ್ಯ, ಒಬ್ಬನಾದರೂ ಬಂದನಲ್ಲ ಎಂದು ಹಿಗ್ಗಿದ. ಯಾರಿಗೆ ಔಷಧ ಎಂದು ಕೇಳಲಿಲ್ಲ. ಅದು ವೈದ್ಯನ ಕೆಲಸ ಅಂದುಕೊಂಡ.

ಔಷಧ ಕೊಟ್ಟ ಮೇಲೆ ಜ್ವರ ಇಳಿಯಿತು. ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ. ಆ ತಾಯಿ ಅತ್ತದ್ದು ಭಂಡಾರಕ್ಕೂ ಕೇಳಿಸಿತು.

‘ಕೆಂಪು ದಾರದ ವಿಷಯ ಹೇಳಿದ್ದೆನಲ್ಲೋ!’ ಎಂದ ಭಂಡಾರಿ.

‘ಹೇಳಿದ್ದಿರಿ,’ ಎಂದು ಶಿಷ್ಯ ಬಿಕ್ಕಿದ. ‘ಆಗ ನಮ್ಮ ಮುಂದೆ ರೋಗಿ ಇರಲಿಲ್ಲ.’

ಭಂಡಾರಿಗೆ ಅನ್ನ ಸೇರಲಿಲ್ಲ. ಊರಿಗೆ ಮರಳಿದ ವೈದ್ಯನಿಗೂ ಅದೇ ಪಾಡು. ಮುಂದೆ ಆ ಪಾಠಶಾಲೆಯ ರೀತಿಯೇ ಬದಲಾಯಿತು. ರೋಗಿ ಬಂದರೆ ವೈದ್ಯ ಶಿಷ್ಯರಿಗೆ ನಾಡಿ ತೋರಿಸುತ್ತಿದ್ದ. ಆಮೇಲೆ ಅವರೊಂದಿಗೆ ತಾನೂ ಭಂಡಾರಕ್ಕೆ ಬಂದು ಕೂರುತ್ತಿದ್ದ. ಅದೇ ರೋಗಿಗಾಗಿ ಯಾವ ಯಾವ ಕಟ್ಟು ಬಿಚ್ಚಬೇಕೆಂದು ಭಂಡಾರಿ ಹೇಳಿಕೊಡುತ್ತಿದ್ದ. ಕೆಂಪು ದಾರವನ್ನು ಮತ್ತೆ ಯಾರೂ ಮರೆಯಲಿಲ್ಲ.

ಅಮರಯ್ಯನ ಮುಖ ಅರಳಿತು. “ಅದನ್ನೇ ಗುರುಗಳೇ ನಾನೂ ಹೇಳುವುದು! ಆ ವೈದ್ಯ ಕೊನೆಗಾದರೂ ಭಂಡಾರಕ್ಕೆ ಬಂದ. ನಮ್ಮ ಮೇಷ್ಟ್ರುಗಳು ಬರಲಿ ನೋಡೋಣ.”

ಗುರು ಅವನನ್ನೇ ನೋಡಿದರು. “ವೈದ್ಯ ತಾನಾಗಿ ಬರಲಿಲ್ಲ ತಮ್ಮಾ, ಭಂಡಾರಿ ಮೊದಲು ಹೋಗಿ ಅವನ ಪಾಠದಲ್ಲಿ ಶಿಷ್ಯರ ಜೊತೆ ನೆಲದ ಮೇಲೆ ಕೂತ. ನೀನು ಯಾವ ಮೇಷ್ಟ್ರ ತರಗತಿಯಲ್ಲಿ ಕೂತಿದ್ದೀಯೆ?”