ಹೆಸರಿದ್ದಲ್ಲಿ ತೂತು

ಹೊಳೆಯ ದಂಡೆಯ ಒಂದು ಮಠದಲ್ಲಿ ಕರಿವೀರ ಎಂಬ ಶಿಷ್ಯ ಹೊತ್ತಿಗೆಗಳನ್ನು ನೋಡಿಕೊಳ್ಳುತ್ತಿದ್ದ. ಬುದ್ಧಿವಂತನೇ. ಆದರೆ ಬೆಕ್ಕು ಕಣ್ಣು ಮುಚ್ಚಿ ಮಲಗಿದ್ದರೂ ಎದ್ದು ಹೋಗಿ ಹಾಲಿನ ಗಡಿಗೆ ನೋಡಿ ಬರುವಷ್ಟು ಅನುಮಾನದ ಸ್ವಭಾವ.

ಒಂದು ಬೆಳಗ್ಗೆ ಅವನು ಗುರುಗಳ ಬಳಿಗೆ ಓಡಿ ಬಂದ. ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು.

“ಅಜ್ಜಾರ, ಪರಂಪರೆ ಹೊತ್ತಿಗ್ಯಾಗ ಹಿಂದಿನ ಗುರುಗಳ ಮೂರು ಹೆಸರು ಯಾರೋ ಕತ್ತರಿಸ್ಯಾರ್ರಿ!”

“ಬರೇ ಹೆಸರು?”

“ಬರೇ ಹೆಸರು. ಬಾಜೂಕಿನ ಒಂದು ಅಕ್ಷರಾನೂ ಮುಟ್ಟಿಲ್ಲ. ಹೆಸರಿದ್ದಲ್ಲಿ ಹೆಸರಿನಷ್ಟ ತೂತು.”

ಅಜ್ಜಾರು ಕೇಳಿದರು.

“ಆ ಹೊತ್ತಿಗಿ ಪೆಟ್ಟಿಗ್ಯಾಗ ಇತ್ತಲ್ಲ. ಹೊರಗ ಯಾಕ ಬಂತು?”

“ಹೊಲಿಗಿ ಬಿಚ್ಚಿತ್ತು. ನಾನ ತಗದು, ತಿರುವಿ ನೋಡದ ದ್ಯಾಮವ್ವಗ ಕೊಟ್ಟೆ. ಅಲ್ಲೇ ನಾ ತಪ್ಪಿದೆ ನೋಡ್ರಿ.”

ದ್ಯಾಮವ್ವ ಹೊತ್ತಿಗೆ ಹೊಲಿಯುವಾಕೆ. ಗಂಡ ಸತ್ತ ಮೇಲೆ ಹೊಳೆಯಾಚೆಯ ಮಠದಲ್ಲಿ ಆ ಕೆಲಸ ಮಾಡಿಕೊಂಡಿದ್ದಳು. ಅಲ್ಲಿಯವರೊಡನೆ ಮುನಿಸಾಗಿ ಮೂರು ತಿಂಗಳ ಹಿಂದೆ ಇಲ್ಲಿಗೆ ಬಂದಿದ್ದಳು. ಯಾರ ಪರಂಪರೆ ಹಿರಿದು ಎಂದು ಎರಡು ಮಠಗಳಿಗೂ ಹಳೆಯ ಜಗಳ.

“ಆಕಿ ಹೊಳಿ ಆಚೇಕಿನಾಕಿ,” ಅಂದ ಕರಿವೀರ. “ಆಕಿ ಕಡೆ ಚೂರಿ ಐತಿ. ಇನ್ನೇನ ಬೇಕ್ರಿ?”

“ಕತ್ತರಿಸಿದ ತುಂಡು ಬೇಕು,” ಅಂದರು ಅಜ್ಜಾರು.

ಕರಿವೀರ ಅಂದಿನಿಂದ ದ್ಯಾಮವ್ವನ ಬೆನ್ನು ಬಿದ್ದ. ಆಕೆ ಸೂಜಿಗೆ ದಾರ ಪೋಣಿಸಿದರೆ ನೋಡುವನು. ಆಕೆ ಕೆಮ್ಮಿದರೆ ಯಾರಿಗೆ ಸನ್ನೆ ಎಂದು ಹಿಂದೆ ತಿರುಗಿ ನೋಡುವನು.

ಮೊದಲ ದಿನವೇ ಆಕೆಯ ಚೂರಿಯನ್ನು ಕಸಿದುಕೊಂಡ. ಮರುದಿನ ಹೊತ್ತಿಗೆ ಬಿಚ್ಚಿ, ಹಾಳೆ ಹಾಳೆ ತಿರುವಿ ನೋಡಿದ. ಮತ್ತೊಂದು ಹೆಸರು ಹೋಗಿತ್ತು.

“ಇನ್ನೊಂದು ಚೂರಿ ಐತಿ,” ಅಂದುಕೊಂಡ.

ಹೊತ್ತಿಗೆಯನ್ನು ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ದಿನಕ್ಕೆ ಎರಡು ಸಲ ಬೀಗ ತೆಗೆದು ಹಾಳೆ ತಿರುವುವನು. ದಿನಕ್ಕೊಂದು ಹೆಸರು ಹೋಗುವುದು.

“ಇನ್ನೊಂದು ಕೀಲಿಯೂ ಐತಿ,” ಅಂದುಕೊಂಡ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ದ್ಯಾಮವ್ವ ಒಮ್ಮೆ ಅವನನ್ನು ನಿಲ್ಲಿಸಿ ಹೇಳಿದಳು.

“ತಮ್ಮಾ, ಚೂರೀಲೆ ಕತ್ತರಿಸಿದ್ರ ಅಂಚು ಬೆಳ್ಳಗಿರತೈತಿ. ಆ ತೂತಿನ ಅಂಚು ನೋಡೀ ಏನು? ಸುಟ್ಟ ರೊಟ್ಟಿ ಅಂಚಿನಂಗ ಕಂದು ಆಗೈತಿ.”

“ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಯಾಕ ಮುಟ್ಟಿ ನೋಡ್ಕೋತೀ?” ಅಂದ ಕರಿವೀರ.

ಆಕೆ ಸೂಜಿ ಎತ್ತಿಕೊಂಡು ತನ್ನ ಹೊಲಿಗೆಗೆ ತಿರುಗಿದಳು.

ಐದನೆಯ ದಿನ ಆಕೆ ಸ್ನಾನಕ್ಕೆ ಹೋದಾಗ ಕರಿವೀರ ಆಕೆಯ ಗಂಟು ಬಿಚ್ಚಿದ. ಎರಡು ಸೀರೆ, ದಾರದ ಉಂಡೆ, ಮೇಣ. ತಳದಲ್ಲಿ ಒಂದು ಕಾಗದದ ಪೊಟ್ಟಣ. ಬಿಚ್ಚಿದರೆ ಒಳಗೆ ಕಂದು ಬಣ್ಣದ ಚೂರುಗಳು. ಒಂದು ಚೂರಿನ ಮೇಲೆ ಅಕ್ಷರದ ಕೊಂಬು, ಇನ್ನೊಂದರ ಮೇಲೆ ಅರ್ಧ ಒತ್ತಕ್ಷರ.

ಅವನಿಗೆ ಆದ ಸಂತೋಷ ಹೇಳತೀರದು. ಕಳ್ಳತನ ಹಿಡಿದದ್ದಕ್ಕಿಂತ ತನ್ನ ಅನುಮಾನ ನಿಜವಾಯಿತಲ್ಲ ಎಂಬುದೇ ದೊಡ್ಡದು.

“ಇದೇನು?” ಎಂದು ದ್ಯಾಮವ್ವನ ಮುಂದೆ ಹಿಡಿದ.

“ನೀ ದಿನಾ ಹೊತ್ತಿಗಿ ನೋಡಿ ಮಡಿಲು ಝಾಡಿಸ್ತಿದ್ದೆಲ್ಲ, ಅದು. ಗುರುಗಳ ಹೆಸರು, ಕಾಲಾಗ ಬೀಳಬಾರದಂತ ಆರಿಸಿ ಇಟ್ಟೀನಿ.”

“ಚಂದ ಕಟ್ಟೀಯವ್ವ ಕತಿ!”

ಅವನು ಪೊಟ್ಟಣವನ್ನು ಊರ ಹಿರಿಯ ಚನಮಲ್ಲಪ್ಪನಿಗೆ ತೋರಿಸಿದ. ಚನಮಲ್ಲಪ್ಪ ದೈವದವರನ್ನು, ಎಂದರೆ ಊರ ಪಂಚರನ್ನು, ಕೂಡಿಸಿದ. ಕರಿವೀರ ಹೇಳಿಕೊಟ್ಟಂತೆಯೇ ತೀರ್ಪಾಯಿತು. ಗುರುಗಳ ಹೆಸರು ಹಾಳು ಮಾಡಿದವರು ಯಾರೇ ಇರಲಿ, ಸೋಮವಾರದಿಂದ ಈ ಮಠದಲ್ಲಿ ಒಂದು ತುತ್ತೂ ಉಣ್ಣಕೂಡದು, ಹೊಳೆ ದಾಟಬೇಕು.

ಆಚೆಯ ಮಠಕ್ಕೆ ದ್ಯಾಮವ್ವ ಬಿಟ್ಟು ಬಂದವಳು, ಈಚೆಯ ಮಠಕ್ಕೆ ಕಳ್ಳಿ. ಆಕೆಗೆ ಮೂರನೆಯ ಜಾಗ ಇರಲಿಲ್ಲ.

ತೀರ್ಪು ಕೇಳಿ ಅಜ್ಜಾರು ಆಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಎರಡು ದಿನ ಊಟ ಮಾತ್ರ ಬಿಟ್ಟರು.

ಕರಿವೀರನಿಗೆ ಅದೂ ಸರಿ ಕಾಣಲಿಲ್ಲ. ಭಾನುವಾರ ಸಂಜೆ ಅವರ ಮುಂದೆ ಹೋಗಿ ನಿಂತ.

“ಅಜ್ಜಾರ, ಒಂದು ಮಾತು. ನಿಮ್ಮ ಮ್ಯಾಲೂ ನನಗ ಅನುಮಾನ ಬಂದೈತ್ರಿ. ನೀವು ಏನೋ ಮುಚ್ಚಿಡಾಕತ್ತೀರಿ.”

ಸಿಟ್ಟಾಗುತ್ತಾರೆ ಎಂದು ತಲೆ ತಗ್ಗಿಸಿದ. ಅಜ್ಜಾರ ಮುಖ ಹಗುರಾಯಿತು.

“ಇಷ್ಟು ದಿನದಾಗ ಇದೊಂದು ಅನುಮಾನ ಚಲೋ ಬಂತು,” ಅಂದರು.

ಸೋಮವಾರ ಬೆಳಗ್ಗೆ ಚನಮಲ್ಲಪ್ಪ ನಾಲ್ಕು ಮಂದಿಯೊಡನೆ ಬಂದ. ದೋಣಿ ಕಟ್ಟೆಗೆ ಬಂದು ನಿಂತಿತ್ತು. ದ್ಯಾಮವ್ವ ಗಂಟು ಕಟ್ಟಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದಳು. ಅತ್ತು ಕಣ್ಣು ಊದಿದ್ದವು.

“ಕರಿವೀರ,” ಅಂದರು ಅಜ್ಜಾರು, “ಹಿತ್ತಲದಾಗಿನ ಕೆಂಪು ದಾಸವಾಳ ನಾಲ್ಕು ಹರಕೊಂಡು ಬಾ. ಒಂದು ನಿಂಬಿಹಣ್ಣು. ಬಿಳೇ ಕಾಗದ. ಹೊತ್ತಿಗೀನೂ ತಾ. ತಿರುವಬ್ಯಾಡ.”

ಅಜ್ಜಾರು ದಾಸವಾಳದ ಎಸಳುಗಳನ್ನು ಕಾಗದಕ್ಕೆ ತಿಕ್ಕಿದರು. ಕಾಗದ ನೇರಳೆಯಾಯಿತು. ಅದರ ಮೂಲೆಗೆ ನಿಂಬೆ ರಸದ ಒಂದು ಹನಿ ಬಿಟ್ಟರು. ಹನಿ ಬಿದ್ದಲ್ಲಿ ಕೆಂಪಾಯಿತು.

“ಏನಾತು?”

“ಹುಳಿ ತಾಗಿ ಕೆಂಪಾತ್ರಿ,” ಅಂದ ಕರಿವೀರ.

ಅಜ್ಜಾರು ಕಾಗದವನ್ನು ತುಸು ತೇವ ಮಾಡಿದರು. ಹೊತ್ತಿಗೆಯಲ್ಲಿ ಇನ್ನೂ ಹೆಸರು ಉಳಿದಿದ್ದ ಒಂದು ಹಾಳೆಯ ಮೇಲೆ ಅದನ್ನು ಹಾಸಿ, ಅಂಗೈಯಿಂದ ಮೆಲ್ಲಗೆ ಒತ್ತಿ ಹಿಡಿದರು. ಚನಮಲ್ಲಪ್ಪ ಇದೇನು ಮಾಟವೋ ಎಂಬಂತೆ ಒಂದು ಹೆಜ್ಜೆ ಹಿಂದೆ ಸರಿದ.

ಕಾಗದ ಎತ್ತಿದರು. ಅದರ ಮೇಲೆ ಒಂದೇ ಒಂದು ಹೆಸರು, ಕೆಂಪಗೆ, ತಿರುವುಮುರುವಾಗಿ ಮೂಡಿತ್ತು. ಆ ಹಾಳೆಯಲ್ಲಿ ಇಪ್ಪತ್ತು ಸಾಲುಗಳಿದ್ದವು. ಉಳಿದ ಒಂದಕ್ಷರವೂ ಮೂಡಿರಲಿಲ್ಲ.

“ಹೆಸರಿನ ಮಸ್ಯಾಗ ಹುಳಿ ಐತಿ!” ಅಂದಳು ದ್ಯಾಮವ್ವ. ಕಸುಬು ಬಲ್ಲವಳು, ಮೊದಲು ಆಕೆಗೇ ಹೊಳೆಯಿತು. “ಉಳದದ್ದು ಕಾಡಿಗಿ ಮಸಿ, ಅದು ಕಾಗದಕ್ಕ ಏನೂ ಮಾಡಂಗಿಲ್ಲ. ಹೆಸರು ಮಾತ್ರ ಅಳಲೆಕಾಯಿ ಕುದಿಸಿ ಅನ್ನಭೇದಿ ಹಾಕಿದ ಮಸಿ. ಆ ಹಸರು ಹರಳು ಕಬ್ಬಿಣದ ಉಪ್ಪು. ಹೆಚ್ಚಾದ್ರ ಕಾಗದದ ನಾರು ತಿಂದು ಹಾಕತೈತಿ.”

“ಮತ್ತ ದಿನಾ ಒಂದೊಂದ ಹೆಸರು ಹೆಂಗ ಹೋಗ್ತಿತ್ತು?” ಅಂದ ಚನಮಲ್ಲಪ್ಪ.

ದ್ಯಾಮವ್ವ ಕರಿವೀರನ ಕಡೆ ನೋಡಿದಳು.

ಕರಿವೀರ ತನ್ನ ಕೈಗಳನ್ನು ನೋಡಿಕೊಂಡ. ದಿನಕ್ಕೆ ಎರಡು ಸಲ ಹಾಳೆ ಬಗ್ಗಿಸಿ ತಿರುವಿದವನು ಅವನೇ.

“ಉದುರಿಸಿದಾಂವ ನಾನ,” ಅಂದ.

“ನೀ ತಿರುವಿದಿ ಅಷ್ಟ. ಅವು ಮೊದಲ ಸತ್ತಿದ್ವು,” ಅಂದರು ಅಜ್ಜಾರು.

ಚನಮಲ್ಲಪ್ಪನಿಗೆ ಸಿಟ್ಟು ಬಂತು. “ಹಂಗಾರ ಇಂಥ ಮಸಿ ಕಾಸಿ ಬರದ ಪುಣ್ಯಾತ್ಮ ಯಾಂವ್ರಿ?”

“ನಾ,” ಅಂದರು ಅಜ್ಜಾರು.

ಅವರು ಹೊತ್ತಿಗೆಯನ್ನು ಮೆಲ್ಲಗೆ ಮುಚ್ಚಿದರು.

“ಆಗ ನನಗ ಇಪ್ಪತ್ತೈದು. ಗುರುಗಳ ಹೆಸರು ನೀರು ಬಿದ್ರೂ ಅಳೀಬಾರದು, ಕಾಗದಾನ ಕಚ್ಚಿ ಹಿಡೀಬೇಕು ಅಂತ ಆಸೆ. ಅನ್ನಭೇದಿ ಚಿಟಿಕಿ ಸಾಕಿತ್ತು. ಭಕ್ತಿ ಹೆಚ್ಚಾಗಿ ಹಿಡಿ ಹಾಕಿದೆ. ಮ್ಯಾಲ ಎರಡೆರಡು ಸಲ ತಿದ್ದಿದೆ.”

“ನಿಮಗ ಇದು ಗೊತ್ತಿತ್ತು?” ಅಂದ ಕರಿವೀರ.

“ಹದಿನೈದು ವರ್ಷ ಆತು. ಆಗ ಮೊದಲನೇ ಹೆಸರು ಹೋತು. ಕೊಟ್ರಯ್ಯ ಅಂತ ಒಬ್ಬಾಂವ ಇದ್ದ, ನನಗಿಂತ ಚಂದ ಬರೀತಿದ್ದ. ಅವನ ಮಾಡ್ಯಾನ ಅಂದೆ. ನನ್ನ ಮಾತಿಗೆ ಯಾರೂ ಎದುರಾಡಲಿಲ್ಲ. ಅಂವಾ ದೋಣಿ ಹತ್ತಿ ಹೋದ ಮ್ಯಾಲ ಎರಡನೇ ಹೆಸರು ಹೋತು. ಆಗ ದಾಸವಾಳ ಹಚ್ಚಿ ನೋಡಿದೆ. ಹೊತ್ತಿಗಿ ಪೆಟ್ಟಿಗ್ಯಾಗ ಮುಚ್ಚಿಟ್ಟೆ.”

“ಮತ್ತ ಅವನ್ನ ಕರಕೊಂಡು ಬರಲಿಲ್ರೀ?”

“ಇಲ್ಲ.”

“ಮೊನ್ನೆ ನಾ ಓಡಿ ಬಂದಾಗ ಯಾಕ ಹೇಳಲಿಲ್ಲ? ಈ ಅವ್ವ ಎಂಟು ದಿನ ಕಣ್ಣೀರು ಹಾಕ್ಯಾಳ.”

ಶಿಷ್ಯ ಗುರುವನ್ನು ಹೀಗೆ ಕೇಳಬಾರದು. ಆದರೂ ಕೇಳಿದ, ಮತ್ತು ಕೇಳಿದ್ದು ಸರಿಯಾಗಿತ್ತು.

“ನಾಚಿಕಿ ಆತು,” ಅಂದರು ಅಜ್ಜಾರು. “ಇಂದು ಹೇಳೇನು, ನಾಳೆ ಹೇಳೇನು ಅಂತ ಎಂಟು ದಿನ ಹೋದವು. ಹದಿನೈದು ವರ್ಷ ಹೋದದ್ದೂ ಹಂಗ.”

ಅವರು ದ್ಯಾಮವ್ವನ ಮುಂದೆ ಕೈ ಮುಗಿದರು. ಆಕೆ ಗಾಬರಿಯಾಗಿ ಎದ್ದು ನಿಂತಳು.

“ಉಳದ ಹೆಸರು ಉಳೀತಾವೇನವ್ವ?”

“ಸುಣ್ಣದ ತಿಳಿನೀರು ಸವರಿದ್ರ ಹುಳಿ ಸಾಯತೈತ್ರಿ. ಹಿಂದ ತೆಳು ಅರಿವಿ ಬಟ್ಟಿ ಅಂಟಿಸಬೇಕು. ಮಸಿ ಮಾತ್ರ ಕಪ್ಪು ಉಳ್ಯಂಗಿಲ್ಲ, ಮಾಸತೈತಿ.”

“ಮಾಸಲಿ. ಕರಿವೀರ, ಆಕಿ ಚೂರಿ ಆಕಿಗೆ ಕೊಡು. ಕೀಲೀನೂ ಕೊಡು.”

ಕರಿವೀರ ಉಡಿದಾರದಿಂದ ಕೀಲಿ ಬಿಚ್ಚಿದ. ಚೂರಿ, ಕೀಲಿ ಎರಡನ್ನೂ ದ್ಯಾಮವ್ವನ ಕೈಗಿಟ್ಟು, “ತಪ್ಪಾತವ್ವ” ಅಂದ. ಆಕೆ ತೆಗೆದುಕೊಂಡಳು. ಆಯಿತು ಎನ್ನಲಿಲ್ಲ.

ಅಜ್ಜಾರು ಆಕೆಯ ಗಂಟನ್ನು ಮೆಟ್ಟಿಲಿನಿಂದ ಎತ್ತಿ ತಾವೇ ಒಳಗೆ ಇಟ್ಟು ಬಂದರು. ಬರುವಾಗ ಕೈಯಲ್ಲಿ ಊರುಗೋಲಿತ್ತು, ಹೆಗಲ ಮೇಲೆ ಒಂದು ಕಂಬಳಿ.

“ಕೊಟ್ರಯ್ಯ ಆಚೇಕಿನ ಮಠದಾಗ ಇನ್ನೂ ಅದಾನೇನವ್ವ?” ಎಂದು ಕೇಳಿದರು.

“ಅದಾನ್ರಿ. ಕಣ್ಣು ಮಂಜಾಗ್ಯಾವ.”

ಚನಮಲ್ಲಪ್ಪ ಅಡ್ಡ ಬಂದ. “ಅಜ್ಜಾರ, ಏನಿದು? ಆ ತೀರ್ಪು ನಿಮಗ ಹೇಳಿದ್ದಲ್ರೀ! ತಿಳೀದ ಮಾಡಿದ್ದು ತಪ್ಪಲ್ಲ. ಒಳಗ ನಡೀರಿ.”

“ಯಾರೇ ಇರಲಿ ಅಂತ ಅಂದಿದ್ರೆಲ್ಲ?”

ಕರಿವೀರ ಅವರ ಕಾಲು ಹಿಡಿದುಕೊಂಡ. “ಆ ಮಾತು ಹೇಳಿಕೊಟ್ಟಾಂವ ನಾನ್ರಿ. ನನ್ನ ಕಳಸ್ರಿ. ನೀವು ಹೋಗಬ್ಯಾಡ್ರಿ.” ಮಗುವಿನಂತೆ ಅಳುತ್ತಿದ್ದ.

ಅಜ್ಜಾರು ಬಗ್ಗಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

“ಏಳು. ದೋಣಿಯಾಂವಗ ನಿಂದ್ರಂತ ಹೇಳು. ಒಬ್ಬರು ದಾಟೂದೈತಿ.”